18 ಇಂಚಿನ ಎರಡು ಸೈಕಲ್: ಮೈಸೂರಿನ ಒಂದು ಪ್ರಕರಣ

ಜನವರಿ ಎರಡನೇ ವಾರ ಒಬ್ಬರು ಫೋನ್ ಮಾಡಿದರು. "ಒಂದು ಗೇರ್ ಸೈಕಲ್ ಇದೆ, ಮೂರೇ ತಿಂಗಳು ಹಳೇದು. ಯಾರಿಗಾದರೂ ಬೇಕಿದ್ದರೆ ಕೊಡಿಸ್ತೀರಾ?" ಯಾಕೆ ಸರ್ ಮಾರ್ತಿದ್ದೀರಿ ಅಂತ ಕೇಳಿದೆ. "ನಮ್ಮನೆಯವಳ ಕೈಲಿ ಆಗ್ತಿಲ್ಲ. ಮಂಡಿ ನೋವು. ವಯಸ್ಸಾಯ್ತಲ್ಲ."

ಅವರ ಹೆಂಡತಿಗೆ ಆಗ 48. ಅವರಿಗೆ 53.

ನಾನು ಮೈಸೂರಿನಲ್ಲಿ ಹೊಸದಾಗಿ ಸೈಕಲ್ ಹಿಡಿಯುವವರಿಗೆ, ಅದರಲ್ಲೂ 40 ದಾಟಿದವರಿಗೆ, ಸೈಕಲ್ ಸೆಟ್ ಮಾಡಿಕೊಡುತ್ತೇನೆ. ಮೊದಲ ಕೆಲವು ವಾರ ಅವರ ಜೊತೆ ಹೋಗುತ್ತೇನೆ. ಗಂಡ ಹೆಂಡತಿ ಒಟ್ಟಿಗೆ ಶುರು ಮಾಡಿ, ಎರಡು ಮೂರು ತಿಂಗಳಲ್ಲಿ ಒಬ್ಬರು ನಿಲ್ಲಿಸಿಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಾಕೆ ಅಂದರೆ ಮಂಡಿ, ಸೊಂಟ, ವಯಸ್ಸು ಅನ್ನುತ್ತಾರೆ. ನಿಜವಾದ ಕಾರಣ ಬೇರೆ ಇರುತ್ತದೆ ಅನ್ನುವುದು ಈ ಜೋಡಿಯಲ್ಲಿ ಕಂಡಷ್ಟು ಚೆನ್ನಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರಿಬ್ಬರ ಒಪ್ಪಿಗೆ ಇದೆ. ಹೆಸರು, ಬಡಾವಣೆ ಬೇಡ ಅಂದರು, ಹಾಕಿಲ್ಲ.

ಸೈಕಲ್ ಒಂದನ್ನೇ ಕಳಿಸಬೇಡಿ ಸರ್, ಮೇಡಂ ಅವರನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದೆ.

ಹಿನ್ನೆಲೆ

ಮಗಳು ಓದಲು ಹುಬ್ಬಳ್ಳಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಸರ್‌ದು ಕಚೇರಿ ಕೆಲಸ. ಮೇಡಂ ಪ್ರೈಮರಿ ಶಾಲೆಯ ಟೀಚರ್. ಸಂಜೆ ಇಬ್ಬರೂ ಬಂದು ಟೀವಿ ಮುಂದೆ ಕೂತರೆ ಊಟದ ತನಕ ನಾಲ್ಕು ಮಾತೂ ಇರುತ್ತಿರಲಿಲ್ಲವಂತೆ. ಸರ್‌ಗೆ ಆರು ವರ್ಷದಿಂದ ಶುಗರ್. ವಾಕಿಂಗ್ ಮಾಡಿ ಅಂತ ಡಾಕ್ಟರು ಹೇಳುತ್ತಲೇ ಇದ್ದರು, ಇವರು ಹೂಂ ಅನ್ನುತ್ತಲೇ ಇದ್ದರು. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಒಂದು ದಿನ ಇಬ್ಬರೂ ಅರಮನೆ ಸುತ್ತ ಓಡಾಡಿದ್ದರಂತೆ. ಆ ಖುಷಿ ಇಬ್ಬರಿಗೂ ನೆನಪಿತ್ತು.

ಹಾಗಾಗಿ ದಸರಾ ಆಫರ್ ನೋಡಿ ಸರ್ ಎರಡು ಗೇರ್ ಸೈಕಲ್ ತಂದರು. ಒಂದೇ ಮಾಡೆಲ್, ಒಂದು ನೀಲಿ, ಒಂದು ಕೆಂಪು. ಎರಡು ತಗೊಂಡರೆ ಹೆಲ್ಮೆಟ್ ಫ್ರೀ. ಮೇಡಂಗೆ ಗೊತ್ತಾಗದ ಹಾಗೆ ಆಯುಧಪೂಜೆಯ ಬೆಳಿಗ್ಗೆ ಮನೆ ಮುಂದೆ ನಿಲ್ಲಿಸಿದರು. ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದರು. ಆ ಫೋಟೋ ನನಗೂ ತೋರಿಸಿದರು. ಇಬ್ಬರೂ ನಗುತ್ತಿದ್ದಾರೆ. ಎಷ್ಟು ಪ್ರೀತಿಯಿಂದ ತಂದಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ.

ಎಡವಟ್ಟು ಶುರುವಾಗಿದ್ದೂ ಅಲ್ಲೇ. ಸರ್ 5 ಅಡಿ 8 ಇಂಚು. ಮೇಡಂ 5 ಅಡಿ 1 ಇಂಚು. ಎರಡು ಸೈಕಲ್‌ನ ಫ್ರೇಮೂ 18 ಇಂಚು. ಸರ್ ಎತ್ತರಕ್ಕೆ ಅದು ಸರಿ, ಮೇಡಂಗೆ ದೊಡ್ಡದು.

ಸೈಕಲ್ ಏನು ಹೇಳಿತು

ಒಂದು ಭಾನುವಾರ ಲಲಿತ ಮಹಲ್ ಹೆಲಿಪ್ಯಾಡ್ ಮೈದಾನದ ಹತ್ತಿರ ಸೇರಿದೆವು. ನಾನು ಮಾತು ಶುರು ಮಾಡುವ ಮುಂಚೆ ಸೈಕಲ್ ನೋಡುತ್ತೇನೆ. ಕೆಂಪು ಸೈಕಲ್‌ನ ಸೀಟು ಪೂರ್ತಿ ಕೆಳಗೆ ಇಳಿದಿತ್ತು. ಕೂತಾಗ ಎರಡೂ ಪಾದ ನೆಲಕ್ಕೆ ತಾಗಲಿ ಅಂತ ಅಂಗಡಿಯಲ್ಲೇ ಇಳಿಸಿ ಕೊಟ್ಟಿದ್ದರು. ಹೊಸಬರಿಗೆ ಹೀಗೆ ಮಾಡಿಕೊಡುವುದು ಎಲ್ಲ ಕಡೆ ಇದೆ. ಬೀಳುವುದಿಲ್ಲ ಅನ್ನುವ ಧೈರ್ಯ ಬರುತ್ತದೆ. ಮಂಡಿ ಮಾತ್ರ ಹಾಳಾಗುತ್ತದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೀಟು ತಗ್ಗಿದ್ದರೆ ಕಾಲು ಯಾವತ್ತೂ ಪೂರ್ತಿ ಚಾಚುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಏಳುವ ಹಾಗೆ, ಮಂಡಿ ಮಡಚಿಕೊಂಡೇ ಭಾರ ಒತ್ತಬೇಕು. ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ, ಮುಂಭಾಗದಲ್ಲಿ ನೋವು ಬರುತ್ತದೆ. ಸೀಟು ತೀರಾ ಎತ್ತರ ಇದ್ದರೆ ನೋವು ಮಂಡಿಯ ಹಿಂಭಾಗಕ್ಕೆ, ಸೊಂಟಕ್ಕೆ ಹೋಗುತ್ತದೆ. ಎಲ್ಲಿ ನೋವು ಮೇಡಂ ಅಂದಾಗ ಅವರು ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ತೋರಿಸಿದರು. ಎರಡೂ ಕಾಲಲ್ಲಿ, ಅದೇ ಜಾಗ.

ಇನ್ನೊಂದು ಪ್ರಶ್ನೆ ಕೇಳಿದೆ. ಕೈ ಜೋಮು ಹಿಡಿಯುತ್ತಾ? ಸರ್ ಕಡೆ ಒಮ್ಮೆ ನೋಡಿ, "ಹತ್ತು ನಿಮಿಷಕ್ಕೇ ಹಿಡಿಯುತ್ತೆ. ಹೇಳಿದ್ರೆ ಅದಕ್ಕೂ ವಯಸ್ಸು ಅಂತಾರೆ ಅಂತ ಹೇಳಿರಲಿಲ್ಲ" ಅಂದರು. ಫ್ರೇಮ್ ಉದ್ದವಾದ್ದರಿಂದ ಹ್ಯಾಂಡಲ್ ದೂರ. ಅದನ್ನು ಹಿಡಿಯಲು ಮುಂದಕ್ಕೆ ಬಾಗಿ, ಮೈಭಾರವೆಲ್ಲ ಅಂಗೈ ಮೇಲೆ ಹಾಕುತ್ತಿದ್ದರು.

ಮೂರನೆಯದು ಗೇರ್. ಚೈನು ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರದ ಮೇಲೇ ಇತ್ತು. ಅದರ ಪಕ್ಕದ ಸಣ್ಣ ಚಕ್ರದ ಹಲ್ಲು ಮೂರು ತಿಂಗಳಾದರೂ ಹೊಸದರ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಚೈನು ಒಂದು ದಿನವೂ ಕೂತಿಲ್ಲ. ಕೇಳಿದರೆ ಸರ್ ಹೇಳಿದರು, "ದೊಡ್ಡ ಗೇರಲ್ಲೇ ಇರು, ಬೇಗ ಹೋಗುತ್ತೆ ಅಂತ ನಾನೇ ಹೇಳಿದ್ದು." ಭಾರದ ಗೇರಲ್ಲಿ ನಿಧಾನಕ್ಕೆ ಒತ್ತಿ ಒತ್ತಿ ತುಳಿಯುವುದಕ್ಕಿಂತ, ಹಗುರ ಗೇರಲ್ಲಿ ಬೇಗ ಬೇಗ ತುಳಿಯುವುದು ಮಂಡಿಗೆ ಒಳ್ಳೆಯದು. ನಿಮಿಷಕ್ಕೆ 70ರಿಂದ 80 ಸುತ್ತು ಪೆಡಲ್ ತಿರುಗಿದರೆ ಸಾಕು. ಮೇಡಂ 50 ಸುತ್ತೂ ತಿರುಗಿಸುತ್ತಿರಲಿಲ್ಲ.

ಇಷ್ಟೂ ಸೇರಿ 48 ವರ್ಷದ ಮಂಡಿಯ ಮೇಲೆ ಬಿದ್ದಿತ್ತು. ಹದಿನೆಂಟರ ಹುಡುಗಿಗೂ ನೋವು ಬರುತ್ತಿತ್ತು, ಅಲ್ವಾ?

ಅವರು ಸೈಕಲ್ ಹತ್ತಿದ ರೀತಿ

ಅವತ್ತಿನದೇ ಇನ್ನೊಂದು ವಿಷಯ ಹೇಳಲೇಬೇಕು. ನನ್ನ ಜೊತೆ ಒಂದು ಚಿಕ್ಕ ಸೈಕಲ್ ತಂದಿದ್ದೆ, 15 ಇಂಚಿನ ಫ್ರೇಮ್. ಹಿಮ್ಮಡಿ ಪೆಡಲ್ ಮೇಲಿಟ್ಟರೆ ಕಾಲು ನೇರ ಚಾಚಬೇಕು, ಅಷ್ಟಕ್ಕೆ ಸೀಟು ಏರಿಸಿದೆ. ಹೀಗೆ ಏರಿಸಿದರೆ ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ಸ್ವಲ್ಪ ಮಾತ್ರ ಬಾಗಿರುತ್ತದೆ. ಆದರೆ ಕೂತಲ್ಲಿಂದ ಪಾದ ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ. ಹೊಸಬರು ಇಲ್ಲೇ ಹೆದರುವುದು. ನಾನು ಹಿಂದೆ ಹಿಡಿದುಕೊಳ್ಳಲು ಹೋದೆ.

ಬೇಡ ಅಂದರು. ದುಪಟ್ಟಾ ತೆಗೆದು ಸೊಂಟಕ್ಕೆ ಕಟ್ಟಿದರು. ಎಡಗಾಲು ಪೆಡಲ್ ಮೇಲಿಟ್ಟರು. ಬಲಗಾಲಲ್ಲಿ ನೆಲ ಒದ್ದರು, ಒಂದು, ಎರಡು, ಮೂರು. ಸೈಕಲ್ ಓಡತೊಡಗಿದ ಮೇಲೆ ಬಲಗಾಲನ್ನು ಹಿಂದಿನಿಂದ ಎತ್ತಿ ಹಾಕಿ ಸೀಟಿನ ಮೇಲೆ ಕೂತರು. ಕೂತ ಸದ್ದೂ ಆಗಲಿಲ್ಲ. ನೇರ ಹೋಗಿ, ಮೈದಾನದ ತುದಿಯಲ್ಲಿ ತಿರುಗಿಸಿ, ಅದೇ ರೀತಿ ಓಡುತ್ತಿರುವಾಗಲೇ ಕಾಲು ತೆಗೆದು ನಮ್ಮೆದುರು ಇಳಿದರು.

ನಮ್ಮ ಹಳ್ಳಿಗಳಲ್ಲಿ ದೊಡ್ಡ ಸೈಕಲ್ ಮೇಲೆ ಕಲಿತವರು ಮಾತ್ರ ಹೀಗೆ ಹತ್ತುತ್ತಾರೆ. ಎಲ್ಲಿ ಕಲಿತಿರಿ ಮೇಡಂ ಅಂದೆ. ಹುಣಸೂರು ಕಡೆಯ ಹಳ್ಳಿ. ಹನ್ನೊಂದನೇ ವಯಸ್ಸಿಗೆ ಅಪ್ಪನ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತರು. ಹೈಸ್ಕೂಲಿಗೆ ಲೇಡಿಬರ್ಡ್ ಬಂತು. ದಿನಾ ಹೋಗುತ್ತಾ 6, ಬರುತ್ತಾ 6 ಕಿಲೋಮೀಟರ್, ಹಿಂದಿನ ಕ್ಯಾರಿಯರ್ ಮೇಲೆ ತಂಗಿ. ಮದುವೆ ಆದ ಮೇಲೆ ಈ ದಸರಾ ತನಕ, ಟ್ರಿಣ್ ಟ್ರಿಣ್‌ನ ಆ ಒಂದು ದಿನ ಬಿಟ್ಟರೆ, ಸೈಕಲ್ ಮುಟ್ಟಿರಲಿಲ್ಲ.

ಸರ್ ಸುಮ್ಮನೆ ನಿಂತಿದ್ದರು. "ನಂಗೆ ಹೇಳೇ ಇಲ್ವಲ್ಲ ನೀನು" ಅಂದರು. "ನೀವು ಕೇಳ್ಲಿಲ್ವಲ್ಲ ರೀ" ಅಂದರು ಇವರು. ಮದುವೆಯಾಗಿ 24 ವರ್ಷ. ಟ್ರಿಣ್ ಟ್ರಿಣ್ ದಿನ ಹೆಂಡತಿ ಚೆನ್ನಾಗಿ ಓಡಿಸಿದ್ದನ್ನು ನೋಡಿ, ಇವಳಿಗೆ ಬೇಗ ಬಂತು ಅಂದುಕೊಂಡಿದ್ದರಂತೆ.

ಕೆಂಪು ಸೈಕಲ್‌ಗೆ ಗಿರಾಕಿ ಸಿಕ್ಕರು. ಸ್ವಲ್ಪ ದುಡ್ಡು ಕೈಬಿಟ್ಟಿತು. ಈ ಸಲ ಮೇಡಂ ತಾವೇ ಅಂಗಡಿಗೆ ಹೋಗಿ, ಓಡಿಸಿ ನೋಡಿ, 15 ಇಂಚಿನದು ತಗೊಂಡರು. ಸೀಟನ್ನೂ ಬದಲಿಸಿದೆವು. ಹೆಂಗಸರ ಕೂರುಮೂಳೆ ಸಾಮಾನ್ಯವಾಗಿ ಸ್ವಲ್ಪ ಅಗಲ, ಸೀಟು ಆ ಅಗಲಕ್ಕೆ ಹೊಂದಬೇಕು. ಮೆತ್ತಗಿರಲಿ ಅಂತ ದಪ್ಪ ಜೆಲ್ ಕವರ್ ಹಾಕುವುದು ಜಾಸ್ತಿ ಜನ ಮಾಡುವ ತಪ್ಪು. ಮೂಳೆ ಅದರೊಳಗೆ ಹೂತು, ಒತ್ತಡ ಬೀಳಬಾರದ ಜಾಗದಲ್ಲಿ ಬೀಳುತ್ತದೆ. ಬಟ್ಟೆಗೆ ಟ್ರ್ಯಾಕ್ ಪ್ಯಾಂಟು, ಮೇಲೊಂದು ಕುರ್ತಾ. ಗೇರ್ ಸೈಕಲ್‌ಗೆ ಸಾಮಾನ್ಯವಾಗಿ ಚೈನ್ ಕವರ್ ಇರುವುದಿಲ್ಲ, ದುಪಟ್ಟಾ ಮನೆಯಲ್ಲೇ ಬಿಡಿ ಅಂದೆ. ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು ದಾರಿಯಲ್ಲಿ ನೋಡಿದರೆ ಅಂತ ಅವರಿಗೆ ಅಳುಕಿತ್ತು. ಎರಡು ವಾರದಲ್ಲಿ ಹೋಯಿತು.

ಮಂಡಿ ನೋವು ಮೂರು ವಾರದಲ್ಲಿ ಕಡಿಮೆಯಾಯಿತು. ಕೆಲಸ ಮುಗಿಯಿತು ಅಂದುಕೊಂಡೆ. ಅದು ನನ್ನ ತಪ್ಪು.

ಫೆಬ್ರವರಿಯ ಭಾನುವಾರ

ಸೈಕಲ್ ಸರಿಹೋಗಿತ್ತು, ಹೋಗುವ ಕ್ರಮ ಹಾಗೇ ಇತ್ತು. ಸರ್ ಮುಂದೆ, ಮೇಡಂ ಹಿಂದೆ. ನಾನು ಮುಂದೆ ಹೋದರೆ ಅವಳಿಗೆ ಗಾಳಿ ತಡೆದ ಹಾಗಾಗುತ್ತೆ ಅಂತ ಸರ್ ಎಲ್ಲೋ ಕೇಳಿದ್ದರು. ಗಾಳಿಯ ತಡೆ ವೇಗ ಹೆಚ್ಚಿದಂತೆ ಬಲು ಬೇಗ ಏರುತ್ತದೆ. ರೇಸಿನವರು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋಗುವುದು ಅದಕ್ಕೇ. ಗಂಟೆಗೆ 14 ಕಿಲೋಮೀಟರ್ ಹೋಗುವವರಿಗೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಅದೂ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಇದ್ದರೆ. ಸರ್ ಎಷ್ಟೋ ದೂರ ಮುಂದೆ ಇರುತ್ತಿದ್ದರು.

ಲೆಕ್ಕ ಹಾಕಿ ನೋಡಿ. ತಿ. ನರಸೀಪುರ ರಸ್ತೆಯಲ್ಲಿ 10 ಕಿಲೋಮೀಟರ್ ಹೋಗಿ ವರುಣ ಕೆರೆ ಕಡೆ ನಿಲ್ಲಬೇಕು ಅಂದುಕೊಳ್ಳಿ. ಸರ್ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆಗೆ ತಲುಪುತ್ತಾರೆ. ಮೇಡಂಗೆ 43 ನಿಮಿಷ ಬೇಕು. ಆ 13 ನಿಮಿಷ ಸರ್ ನೆರಳಲ್ಲಿ ಕೂತು, ನೀರು ಕುಡಿದು, ಬೆವರು ಆರಿಸಿಕೊಳ್ಳುತ್ತಾರೆ. ಇವರು ಏದುಸಿರು ಬಿಡುತ್ತಾ ಬಂದು ಇಳಿದ ತಕ್ಷಣ "ಹೊರಡೋಣ್ವಾ?" ಅನ್ನುತ್ತಾರೆ. ಕಾಯ್ದವರಿಗೆ ಪೂರ್ತಿ ವಿಶ್ರಾಂತಿ, ಹಿಂದೆ ಬಂದವರಿಗೆ ಒಂದು ನಿಮಿಷವೂ ಇಲ್ಲ. ಹೀಗೆ ವಾರ ವಾರ ನಡೆದರೆ ಯಾರಿಗೆ ಬೇಕು ಅನ್ನಿಸುವುದಿಲ್ಲ ಹೇಳಿ. ಕಾಯ್ದವರು ಮಾತ್ರ, ನಾನು ಪ್ರತಿ ಸಲ ಅವಳಿಗೋಸ್ಕರ ನಿಲ್ತೀನಿ ಅಂತ ಮನಸಾರೆ ನಂಬಿರುತ್ತಾರೆ.

ಆ ಭಾನುವಾರ ನಾನು ಜೊತೆಯಲ್ಲಿರಲಿಲ್ಲ. ಮೇಡಂ ಹೇಳಿದ್ದನ್ನು ಬರೆಯುತ್ತೇನೆ. ವರುಣ ಇನ್ನೂ ಎರಡು ಕಿಲೋಮೀಟರ್ ಇರುವಾಗ ಮೋರಿ ಕಟ್ಟೆಯ ಪಕ್ಕ ನೀಲಿ ಸೈಕಲ್ ಬಿದ್ದಿತ್ತು. ಸರ್ ಕಟ್ಟೆ ಮೇಲೆ ಕೂತಿದ್ದರು. ಅಂಗಿ ಪೂರ್ತಿ ಒದ್ದೆ, ಕೈ ನಡುಗುತ್ತಿತ್ತು. ಏನಾಯ್ತು ರೀ ಅಂದರೆ, "ಬೀಗ ಹಾಕಿದ್ದೀಯಾ?" ಅಂತ ಕೇಳಿದರಂತೆ. ಎರಡನೇ ಸಲ ಕೇಳಿದರೂ ಅದೇ ಮಾತು.

ಶುಗರ್ ಇಳಿದಿದೆ ಅಂತ ಮೇಡಂಗೆ ಹೊಳೆಯಿತು. ಅವರ ಅಮ್ಮನಿಗೂ ಹೀಗೆ ಆಗುತ್ತಿತ್ತು. ಹಿಂದೆ ದಾರಿಯಲ್ಲಿ ಒಂದು ಟೀ ಅಂಗಡಿ ನೋಡಿದ್ದರು. ಸರ್ ಅವರನ್ನು ಕಟ್ಟೆಗೆ ಒರಗಿಸಿ, ಸೈಕಲ್ ಹತ್ತಿ ಹೋಗಿ, ಲೋಟದ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿಸಿ, ಅಂಗಡಿಯ ಹುಡುಗನ ಬೈಕ್ ಹಿಂದೆ ಕೂತು ವಾಪಸ್ ಬಂದು ಕುಡಿಸಿದರು. ಕಾಲು ಗಂಟೆಯಲ್ಲಿ ಸರ್ ಸರಿಯಾಗಿ ಮಾತಾಡತೊಡಗಿದರು. ಆಮೇಲೆ ಬಾಳೆಹಣ್ಣು, ಬನ್ನು. ಆಟೋದಲ್ಲಿ ಎರಡು ಸೈಕಲ್ ಹಾಕಿಕೊಂಡು ಮನೆಗೆ ಬಂದರು.

ಕಾರಣ ಕಷ್ಟದ್ದೇನಲ್ಲ. ಸರ್ ತಿಂಡಿಗೆ ಮುಂಚೆ ನುಂಗುವ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇತ್ತು. ಅದು ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದನ್ನು ನುಂಗಿ ತಿಂಡಿ ತಿನ್ನದೆ ಮೈಬೆವರುವಂತೆ ಸೈಕಲ್ ತುಳಿದರೆ ಶುಗರ್ ತೀರಾ ಕೆಳಗೆ ಇಳಿಯಬಹುದು. ಇನ್ಸುಲಿನ್ ತಗೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಲ್ಲಿ ಇದು ಅಪರೂಪ. ಅವರು ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಮೊದಲ ದಿನವೇ ನಾನು ಕೇಳಬೇಕಿತ್ತು. ಮಂಡಿ ನೋವು ಮೇಡಂದು ಅಂತ ನನ್ನ ಗಮನವೆಲ್ಲ ಅವರ ಮೇಲಿತ್ತು. ಸರ್ ಗಟ್ಟಿಮುಟ್ಟಾಗಿ ಕಂಡಿದ್ದರು. ಈಗ ಯಾರೇ ಬರಲಿ, ಅಳತೆ ಟೇಪು ತೆಗೆಯುವ ಮುಂಚೆ ಮಾತ್ರೆಯ ಪಟ್ಟಿ ಕೇಳುತ್ತೇನೆ. 40 ದಾಟಿ ಬಿಪಿ, ಶುಗರ್, ಎದೆಯ ತೊಂದರೆ ಏನಿದ್ದರೂ ಡಾಕ್ಟರನ್ನು ನೋಡಿಯೇ ಶುರು ಮಾಡಿ ಅನ್ನುತ್ತೇನೆ.

ಸರ್ ಅವರ ಡಾಕ್ಟರು ಮಾತ್ರೆ ಬದಲಿಸಿದರು, ಏನಾದರೂ ತಿಂದೇ ಹೊರಡಿ ಅಂದರು. ಜೇಬಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಕಾಯಂ ಆಯಿತು. ಒಂದು ಸರ್ ಹತ್ತಿರ, ಒಂದು ಮೇಡಂ ಹತ್ತಿರ.

ಕ್ರಮ ಬದಲಾಯಿತು

ಮುಂದಿನ ವಾರ ಇಬ್ಬರೂ ಬಂದರು. ನಾನು ಒಂದೇ ಮಾತು ಹೇಳಿದೆ. ಜೊತೆಗೆ ಹೋಗುವ ದಿನ ಮೇಡಂ ಮುಂದೆ. ವೇಗ ಅವರದು, ಎಲ್ಲಿ ನಿಲ್ಲಬೇಕು ಅನ್ನುವುದು ಅವರದು, ಎಲ್ಲಿಂದ ತಿರುಗಬೇಕು ಅನ್ನುವುದೂ ಅವರದೇ. ಸರ್ ಹಿಂದೆ, ಎರಡು ಮೂರು ಸೈಕಲ್‌ನಷ್ಟು ಜಾಗ ಬಿಟ್ಟು. ಹಿಂದಿನಿಂದ ವಾಹನ ಬಂದರೆ "ಗಾಡಿ" ಅಂತ ಕೂಗುವುದು ಅವರ ಕೆಲಸ.

ಮೊದಲ ಎರಡು ವಾರ ಸರ್ ಒದ್ದಾಡಿದರು. ಇಷ್ಟು ನಿಧಾನಕ್ಕೆ ಹೋದರೆ ನನಗೇನು ವ್ಯಾಯಾಮ ಆಗುತ್ತೆ ಅಂದರು. ನ್ಯಾಯವಾದ ಪ್ರಶ್ನೆ. ಅದನ್ನು ಸುಮ್ನೆ ತಳ್ಳಿಹಾಕಿದರೆ ಈ ಏರ್ಪಾಡು ನಿಲ್ಲುವುದಿಲ್ಲ. ಹಾಗಾಗಿ ಬುಧವಾರ ಸರ್‌ಗೆ ಬಿಟ್ಟೆವು. ಅವತ್ತು ಇನ್ನೊಬ್ಬ ಗೆಳೆಯರ ಜೊತೆ ಮನಸ್ಸು ಬಂದ ವೇಗದಲ್ಲಿ ಹೋಗಲಿ. ಶುಕ್ರವಾರ ಮೇಡಂ ಒಬ್ಬರೇ ಶಾಲೆಗೆ ಸೈಕಲ್‌ನಲ್ಲಿ. ಭಾನುವಾರ ಇಬ್ಬರೂ. ಜೊತೆಯ ದಿನದ ಅಳತೆ ಇಷ್ಟೇ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ 150 ನಿಮಿಷದಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಾತಾಡುತ್ತಾ ತುಳಿಯುವುದು ಆ ಲೆಕ್ಕಕ್ಕೆ ಸೇರುತ್ತದೆ.

ಅವರು ಮಾತಾಡತೊಡಗಿದರು. ಅಷ್ಟು ದೂರದಲ್ಲಿದ್ದಾಗ ಆಗದೇ ಇದ್ದದ್ದು ಇದು. ಖಾಲಿ ರಸ್ತೆಯಲ್ಲಿ ಮೇಡಂ ತಲೆ ತಿರುಗಿಸದೆ ಏನೋ ಹೇಳುತ್ತಾರೆ, ಸರ್ ಹಿಂದಿನಿಂದ ಜೋರಾಗಿ ಉತ್ತರ ಕೊಡುತ್ತಾರೆ. ಮಗಳ ಮದುವೆಯ ಬಗ್ಗೆ ಅವರಿಬ್ಬರ ಮೊದಲ ಮಾತು ಲಲಿತಾದ್ರಿಪುರದ ದಾರಿಯಲ್ಲಿ ಆಯಿತಂತೆ.

ಮೇಡಂಗೆ ನಾನು ಇನ್ನೊಂದು ಮಾತು ಹೇಳಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಸವೆಯುವುದು ಜಾಸ್ತಿ. ಸೈಕಲ್ ಹೃದಯಕ್ಕೆ, ತೊಡೆಗೆ ಒಳ್ಳೆಯದು, ಆದರೆ ಭಾರವೆಲ್ಲ ಸೀಟು ಹೊರುವುದರಿಂದ ಮೂಳೆ ಗಟ್ಟಿಯಾಗಲು ಅಷ್ಟು ಸಾಲದು. ನಡಿಗೆ, ಮೆಟ್ಟಿಲು, ಸ್ವಲ್ಪ ಭಾರ ಎತ್ತುವುದು ಜೊತೆಗೆ ಬೇಕು. ಅವರು ತಿಂಗಳಿಗೆ ಎರಡು ಶನಿವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಇಳಿಯುವುದು ಮಂಡಿಗೆ ಹೆಚ್ಚು ಕಷ್ಟ. ಅದಕ್ಕೆ 201ನೇ ನಂಬರ್ ಬಸ್ಸು.

ಒಂದು ವರ್ಷದ ನಂತರ

ಸರ್ ಅವರ ಮೂರು ತಿಂಗಳ ಸರಾಸರಿ ಶುಗರ್ (HbA1c) ಶೇಕಡ 8.1ರಿಂದ 7.2ಕ್ಕೆ ಇಳಿಯಿತು. ಪೂರ್ತಿ ಸೈಕಲ್‌ನಿಂದಲೇ ಅಂತ ನಾನು ಹೇಳಲಾರೆ. ಮಾತ್ರೆ ಬದಲಾಗಿತ್ತು, ರಾತ್ರಿ ಅನ್ನ ಕಡಿಮೆಯಾಗಿತ್ತು. ಮೇಡಂ ತೂಕ ಒಂದು ಕಿಲೋ ಕೂಡ ಇಳಿಯಲಿಲ್ಲ, ಅದರ ಬೇಜಾರು ಅವರಿಗಿದೆ. ಮಧ್ಯರಾತ್ರಿ ಎಚ್ಚರಾಗಿ ಸೆಕೆಯಲ್ಲಿ ಹೊರಳಾಡುವುದು ಕಡಿಮೆಯಾಗಿದೆ ಅನ್ನುತ್ತಾರೆ. ಮಂಡಿ ನೋವು ಶಾಲೆಯಲ್ಲಿ ಇಡೀ ದಿನ ನಿಂತಾಗ ಬರುತ್ತದೆ, ಸೈಕಲ್ ಮೇಲೆ ಬರುವುದಿಲ್ಲ.

ಎಲ್ಲ ಸರಿಹೋಗಿಲ್ಲ. ಇಳಿಜಾರಿನಲ್ಲಿ ಮೇಡಂಗೆ ಇನ್ನೂ ಭಯ. ಎರಡೂ ಬ್ರೇಕ್ ಹದವಾಗಿ ಒತ್ತಿ, ಬಿಟ್ಟು, ಒತ್ತಿ ಇಳಿಯಬೇಕು ಅಂತ ಹೇಳಿಕೊಟ್ಟಿದ್ದೇನೆ. ಅವರು ಬಿಡುವುದೇ ಇಲ್ಲ. ಸರ್ ಆಗಾಗ ಮರೆತು ಮುಂದೆ ಹೋಗಿಬಿಡುತ್ತಾರೆ. ಮೇಡಂ ಕೂಗುವುದಿಲ್ಲ, ಅಲ್ಲೇ ಇಳಿದು ನಿಂತುಬಿಡುತ್ತಾರೆ. ಐದು ನಿಮಿಷದಲ್ಲಿ ನೀಲಿ ಸೈಕಲ್ ವಾಪಸ್ ಬರುತ್ತದೆ.

ಹೋದ ತಿಂಗಳು ಮೇಡಂ ಸೈಕಲ್‌ಗೆ ಕ್ಯಾರಿಯರ್ ಹಾಕಿಸಲು ಬಂದಿದ್ದರು. ಹುಣಸೂರು ಇಲ್ಲಿಂದ 45 ಕಿಲೋಮೀಟರ್. ಒಂದು ದಿನ ಹೋಗಿ, ತವರಿನಲ್ಲಿ ಉಳಿದು, ಮಾರನೇ ದಿನ ವಾಪಸ್. ಸರ್ ತಮ್ಮ ಫೋನಿನಲ್ಲಿ ಆ ಹಳ್ಳಿಯಿಂದ ಹೈಸ್ಕೂಲಿಗೆ ಹೋಗುವ 6 ಕಿಲೋಮೀಟರ್ ರಸ್ತೆ ಹುಡುಕಿ ಇಟ್ಟುಕೊಂಡಿದ್ದರು. "ಇಲ್ಲಿ ದಿಣ್ಣೆ ಇದೆಯಲ್ಲ, ತಂಗಿ ಕೂರಿಸಿಕೊಂಡು ಹತ್ತಿಸ್ತಿದ್ಯಾ?" ಅಂತ ಕೇಳಿದರು. "ದಿಣ್ಣೇಲಿ ಇಳಿಸ್ತಿದ್ದೆ. ಅವಳು ಹಿಂದಿಂದ ತಳ್ಳೋಳು" ಅಂದರು ಮೇಡಂ.

ಕ್ಯಾರಿಯರ್ ಬಿಗಿ ಮಾಡಿ, ಬ್ಯಾಗ್ ಕಟ್ಟಿ ಕೊಟ್ಟೆ. ಮೇಡಂ ಎಂದಿನಂತೆ ಎಡಗಾಲು ಪೆಡಲ್ ಮೇಲಿಟ್ಟು, ಮೂರು ಸಲ ನೆಲ ಒದ್ದು, ಬಲಗಾಲು ಹಿಂದಿನಿಂದ ಎತ್ತಿದರು. ಕಾಲು ಬ್ಯಾಗಿಗೆ ತಾಗಿತು. ಇಳಿದರು. ಒಂದು ಕ್ಷಣ ನೋಡಿದರು. ಸೈಕಲನ್ನು ತಮ್ಮ ಕಡೆ ಬಾಗಿಸಿ, ಕಾಲನ್ನು ಮುಂದಿನಿಂದ ದಾಟಿಸಿ ಕೂತು, ಹೊರಟರು. ಸರ್ ಎರಡು ಸೈಕಲ್‌ನಷ್ಟು ಜಾಗ ಬಿಟ್ಟು ಹಿಂದೆ ಹೋದರು.